ಸೋಮಲಿಂಗನ ಹಲ್ಲು ಮತ್ತು ನೋವುಮುಕ್ತ ರಾಜ್ಯ

ಬಹಳ ಹಿಂದೇನೂ ಅಲ್ಲ. ಆದರೆ ಹಾಗೆಂದರೆ ಕೆಲವರಿಗೆ ಸಿಟ್ಟು ಬರುತ್ತದಾದ್ದರಿಂದ, ಬಹಳ ಹಿಂದೆ ಒಂದು ರಾಜ್ಯವಿತ್ತು ಎಂದೇ ಇಟ್ಟುಕೊಳ್ಳೋಣ. ಹೆಸರು ಮಂದಸ್ಮಿತಪುರ. ಶ್ರೀಮನ್ಮಹಾರಾಜ ಮಂದಹಾಸಭೂಪಾಲರು ಫೋಟೊ ತೆಗೆಸಿಕೊಂಡು ಉಳಿದ ವೇಳೆಯಲ್ಲಿ ಅದನ್ನು ಆಳುತ್ತಿದ್ದರು.

ಊರಾಚೆ ಒಂದು ವಸತಿಗೃಹವಿತ್ತು. ಮಾತು ಬಾರದ, ಬುದ್ಧಿ ಬೆಳೆಯದ, ತಮ್ಮದೆನ್ನುವವರಿಲ್ಲದ ನಲವತ್ತೆರಡು ಮಂದಿ ವಯಸ್ಕರು ಅಲ್ಲಿದ್ದರು. ಹತ್ತೊಂಬತ್ತು ವರ್ಷದಿಂದ ಅವರನ್ನು ನೋಡಿಕೊಳ್ಳುತ್ತಿದ್ದವಳು ಸಾತಮ್ಮ. ಯಾರು ಬ್ರಷ್ ಕಚ್ಚುತ್ತಾರೆ, ಯಾರು ಪೇಸ್ಟ್ ನುಂಗುತ್ತಾರೆ, ಯಾರ ಬಾಯಿ ಹಾಡು ಹೇಳಿದರೆ ಮಾತ್ರ ತೆರೆಯುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ.

ಅವರಲ್ಲೊಬ್ಬ ಸೋಮಲಿಂಗ. ವಯಸ್ಸು ನಲವತ್ತು, ಗಡ್ಡ ಅರ್ಧ ನರೆತಿತ್ತು, ಮಾತಿಲ್ಲ. ಮುದ್ದೆ ಕಂಡರೆ ಚಪ್ಪಾಳೆ ತಟ್ಟುತ್ತಿದ್ದವನು ಒಂದು ದಿನ ತಟ್ಟೆಯನ್ನು ದೂಡಿ, ಬಲಗೆನ್ನೆಯನ್ನು ಗೋಡೆಗೆ ಚಚ್ಚಿಕೊಳ್ಳತೊಡಗಿದ. ಮೇಲ್ವಿಚಾರಕರು ಕಡತದಲ್ಲಿ ‘ಸ್ವಭಾವದೋಷ’ ಎಂದು ಬರೆದು ನಿದ್ದೆಮಾತ್ರೆ ಕೊಡಿಸಿದರು. ಸಾತಮ್ಮ ಅವನ ತಲೆಯನ್ನು ಮಡಿಲಿಗೆಳೆದುಕೊಂಡು, ಗುನುಗುತ್ತಾ ಮೆಲ್ಲನೆ ತುಟಿ ಸರಿಸಿದಳು. ದವಡೆ ಹಲ್ಲು ಕರ್ರಗಾಗಿತ್ತು, ಒಸಡು ಬಾತು ಕೀವು ಸೋರುತ್ತಿತ್ತು.

ಮರುದಿನವೇ ಅವನನ್ನು ಅರಮನೆಯ ದಂತಾಲಯಕ್ಕೆ ಕರೆದೊಯ್ದಳು. ದೊಡ್ಡವರ ವಿಭಾಗದ ವೈದ್ಯರು ತಲೆಯೆತ್ತದೆಯೇ, “ಇಂಥವರನ್ನೆಲ್ಲ ದೇವರ ಮಕ್ಕಳು ಅಂತ ಕರೀಬೇಕು ಅಂತ ರಾಜಾಜ್ಞೆ ಆಗಿದೆಯಲ್ಲಮ್ಮ. ಮಕ್ಕಳ ವಿಭಾಗಕ್ಕೆ ಹೋಗು” ಎಂದರು. ಮಕ್ಕಳ ವೈದ್ಯರು ಸೋಮಲಿಂಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಮಕ್ಕಳಿಗೆ ಗಡ್ಡ ಇರುತ್ತೇನಮ್ಮ?” ಎಂದರು. ಗುಮಾಸ್ತ ಒಂದು ಅರ್ಜಿ ಚಾಚಿದ. ನೋವಿರುವ ಜಾಗವನ್ನು ರೋಗಿಯೇ ಬಾಯಿಬಿಟ್ಟು ಹೇಳಿ ಸಹಿ ಹಾಕಬೇಕಿತ್ತು.

“ಮಾತೇ ಬರ್ದೇ ಇರೋರು ಏನ್ ಮಾಡ್ಬೇಕು ಸ್ವಾಮಿ?”

“ಬರೋವರೆಗೂ ಕಾಯ್ಬೇಕು.”

ಸಾತಮ್ಮ ನೇರ ದರ್ಬಾರಿಗೆ ಹೋಗಿ ನಿಂತಳು. ಅವಳ ಅಹವಾಲು ಕೇಳಿದ ಮಹಾರಾಜರು ಬೆಚ್ಚಿದರು. “ನಮ್ಮ ರಾಜ್ಯದಲ್ಲಿ ಹಲ್ಲುನೋವೆ?”

ಕರುಣಾ ಖಾತೆಯ ಮಂತ್ರಿ ಸ್ತುತಿಸಾಗರರು ಕೈಮುಗಿದರು. “ಎಲ್ಲಾದರೂ ಉಂಟೆ ಪ್ರಭು! ಆ ಗೃಹದಲ್ಲಿ ಸಮೀಕ್ಷೆ ನಡೆಸಿದ್ದೇವೆ. ನಲವತ್ತೆರಡು ಮಂದಿಯಲ್ಲಿ ಒಬ್ಬರೂ ನೋವೆಂದು ಹೇಳಿಲ್ಲ.”

“ಅವರಿಗೆ ಮಾತೇ ಬರಾಕಿಲ್ಲ ಬುದ್ಧಿ!” ಎಂದಳು ಸಾತಮ್ಮ.

“ಕೇಳಿದಿರಾ ಪ್ರಭು, ಎಂಥ ಸಂಯಮ!” ಎಂದರು ಮಂತ್ರಿಗಳು.

ಮಹಾರಾಜರ ಕಣ್ಣು ತುಂಬಿತು. ಅದು ಭೂಮಂಡಲದ ಪ್ರಥಮ ನೋವುಮುಕ್ತ ವಸತಿಗೃಹವೆಂದು ಅಲ್ಲೇ ಘೋಷಣೆಯಾಯಿತು. ಹದಿನೈದು ದಿನದಲ್ಲಿ ‘ದಂತಸಂಭ್ರಮ’, ಹಿಡಿಯ ಮೇಲೆ ರಾಜಮುಖವಿರುವ ಬ್ರಷ್‌ಗಳ ವಿತರಣೆ, ನಗುವ ಸಾಮೂಹಿಕ ಫೋಟೊ ಎಂದು ಕಾರ್ಯಕ್ರಮ ನಿಗದಿಯಾಯಿತು.

ಸೋಮಲಿಂಗನ ಹಲ್ಲಿಗೆ ಹದಿನೈದು ದಿನ ಕಾಯುವ ಸಂಯಮವಿರಲಿಲ್ಲ. ಜ್ವರ ಏರಿತು. ಸಾತಮ್ಮ ಓಣಿಯೊಂದರಲ್ಲಿ ಒಂದೇ ಕೋಣೆಯ ದವಾಖಾನೆ ಇಟ್ಟಿದ್ದ ವಸುಮತಿಯ ಕಾಲು ಹಿಡಿದಳು. “ಅಯ್ಯೋ, ಏಳಿ ಅಮ್ಮ, ಬರ್ತೀನಿ” ಎಂದ ಆ ಹಲ್ಲಿನ ವೈದ್ಯೆ ಅಂದು ಸಂಜೆಯೇ ಬಂದು ಅವನೆದುರು ನೆಲದ ಮೇಲೆ ಕೂತಳು. ಕೀವಿಗೆ, ಜ್ವರಕ್ಕೆ ಔಷಧಿ ಕೊಟ್ಟು, ಹಲ್ಲು ಮುಟ್ಟದೆ ಎದ್ದುಹೋದಳು. ಮರುದಿನ ತನ್ನ ಪುಟ್ಟ ಕನ್ನಡಿಯನ್ನು ಅವನ ಕೈಗೇ ಕೊಟ್ಟಳು. ಅವನು ಅದರಲ್ಲಿ ಸಾತಮ್ಮನ ಮೂಗು ಹುಡುಕುತ್ತಾ ಕೂತ. ಜ್ವರ ಇಳಿದ ಮೂರನೇ ದಿನ ಸೂಜಿಮದ್ದು ಕೊಟ್ಟು ಹಲ್ಲು ಕಿತ್ತಳು. ಸೋಮಲಿಂಗನ ಉಗುರು ಸಾತಮ್ಮನ ಮುಂಗೈಯಲ್ಲಿ ನಾಟಿ ರಕ್ತ ಬಂತು. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ವಾರ ಕಳೆಯುವುದರೊಳಗೆ ಅವನು ಎರಡು ಮುದ್ದೆ ಉಂಡು ತಟ್ಟೆ ನೆಕ್ಕಿದ. ಅಡುಗೆಮನೆಯ ಹಿಂದೆ ನಿಂತು ಸಾತಮ್ಮ ಬಿಕ್ಕಿಬಿಕ್ಕಿ ಅತ್ತಳು.

ಸಂಭ್ರಮದ ದಿನ ಬಂತು. “ಎಲ್ಲರೂ ನಗಬೇಕು” ಎಂದು ಅಪ್ಪಣೆಯಾದಾಗ ಗೃಹದಲ್ಲಿ ನಕ್ಕವನು ಸೋಮಲಿಂಗನೊಬ್ಬನೇ, ಅದೂ ಗಂಟಲು ಕಾಣುವಷ್ಟು. ಮಂತ್ರಿಗಳು ಬಗ್ಗಿ ನೋಡಿ, “ಇಲ್ಲೊಂದು ಹಲ್ಲಿಲ್ಲ!” ಎಂದು ಚೀರಿದರು.

ವಿಚಾರಣಾ ಸಮಿತಿ ಕೂತಿತು. ನೋವೇ ಇಲ್ಲದ ಗೃಹದಲ್ಲಿ ಹಲ್ಲು ಕೀಳಲಾಗಿದೆ. ಒಂದೋ ವರದಿ ಸುಳ್ಳು, ಇಲ್ಲವೇ ಕಿತ್ತದ್ದು ಅಪರಾಧ. ವರದಿಯನ್ನು ಚಿನ್ನದಕ್ಷರದಲ್ಲಿ ಅಚ್ಚುಹಾಕಿಸಿ ಆಗಿತ್ತು. ಹಾಗಾಗಿ ಅಪರಾಧವೆಂದು ತೀರ್ಮಾನವಾಯಿತು. ವಸುಮತಿಯ ದವಾಖಾನೆಗೆ ಬೀಗ ಬಿತ್ತು. ಸಾತಮ್ಮನಿಗೆ ಅರಮನೆಯ ಲಾಯಕ್ಕೆ ವರ್ಗವಾಯಿತು. ಅಲ್ಲಿ ತಿಂಗಳಿಗೊಮ್ಮೆ ಕುದುರೆಗಳ ಹಲ್ಲು ಪರೀಕ್ಷೆ ನಡೆಯುತ್ತಿತ್ತು. ಯಾವ ಕುದುರೆಗೂ ಸಹಿ ಕೇಳುತ್ತಿರಲಿಲ್ಲ.

“ನನ್ನ ಸೋಮನ್ ಬಾಯಿ ಯಾರ್ ತೊಳೀತಾರೆ ಸ್ವಾಮಿ?” ಎಂದು ಅವಳು ಕೇಳಿದ್ದು ನಡಾವಳಿಯಲ್ಲಿ ದಾಖಲಾಗಲಿಲ್ಲ.

ಯೋಜನೆಯ ಯಶಸ್ಸನ್ನು ಕಂಡು ನೋವುಮುಕ್ತಿಯನ್ನು ಇಡೀ ರಾಜ್ಯಕ್ಕೆ ವಿಸ್ತರಿಸಲಾಯಿತು. ದಂತಾಲಯದ ಎರಡೂ ವಿಭಾಗಗಳನ್ನು ಅನಗತ್ಯವೆಂದು ಮುಚ್ಚಲಾಯಿತು. ಹಲ್ಲುನೋವೆಂದು ದೂರುವುದು ರಾಜದ್ರೋಹವಾಯಿತು. ಮಹಾರಾಜರಿಗೆ ‘ದಂತಚಕ್ರವರ್ತಿ’ ಎಂದು ಕಿರೀಟ ತೊಡಿಸಿದ ದಿನ ಪ್ರಜೆಗಳು ಬಾತ ಕೆನ್ನೆ ಕಾಣದಂತೆ ಪೇಟ, ಸೆರಗು ಎಳೆದುಕೊಂಡು ಬಂದು ಜಯಕಾರ ಹಾಕಿದರು. ಬಾಯಿ ಪೂರ್ತಿ ತೆರೆಯಲಾಗದ್ದರಿಂದ ಅದು ನರಳಿದಂತೆ ಕೇಳಿಸಿತು. ಆ ಗಂಭೀರ ನಾದ ಮಹಾರಾಜರಿಗೆ ಬಹಳ ಹಿಡಿಸಿತು. ಇನ್ನು ಮುಂದೆ ಎಲ್ಲರೂ ಹಾಗೆಯೇ ಕೂಗತಕ್ಕದ್ದೆಂದು ಆಜ್ಞೆ ಹೊರಟಿತು.