ತುಳಸಿಗೆ ರಾಸ್ಬೆರಿ ಸಂಬಂಧ

ವೈಜಯಂತಿ: ಕತ್ತರಿ ಎಲ್ಲಿದೆ ಅಂತ ಕೇಳ್ತಿಲ್ಲ ನಾನು. ಕತ್ತರಿಸಿದ್ದು ಯಾಕೆ ಅಂತ ಕೇಳ್ತಿದ್ದೀನಿ.

ಗುರುರಾಜ: ಕೊಂಬೆ ತನ್ನಿ ಅಂದವಳು ನೀನೇ.

ವೈಜಯಂತಿ: ನೆಲ್ಲಿಕೊಂಬೆ ಅಂದೆ. ರಾಸ್ಬೆರಿ ಅಂದೆನಾ?

ಗುರುರಾಜ: ಐಎನ್ಎ ಮಾರ್ಕೆಟ್ಟೆಲ್ಲ ಸುತ್ತಿದೆ. ಆಂವ್ಲಾ ಕೊಂಬೆ ಇದೆಯಾ ಭಯ್ಯಾ ಅಂದ್ರೆ, ನೆಲ್ಲಿಕಾಯಿ ಮುರಬ್ಬಾ ಡಬ್ಬ ತೋರಿಸ್ತಾನೆ. ಡಬ್ಬಕ್ಕೆ ಧಾರೆ ಎರೆಯೋಕಾಗುತ್ತಾ?

ಲೋಧಿ ಕಾಲೋನಿಯ ಸರ್ಕಾರಿ ಮನೆಯ ಹಿಂದಿನ ವರಾಂಡ. ಇವತ್ತು ತುಳಸಿ ಮದುವೆ. ತುಳಸಿಯ ಪಕ್ಕ ಮದುಮಗನಾಗಿ ನೆಲ್ಲಿಕೊಂಬೆ ನೆಡುವುದು ಇವರ ಪದ್ಧತಿ. ಈಗ ಅಲ್ಲಿ ನಿಂತಿರುವುದು ರಾಸ್ಬೆರಿ ಕಡ್ಡಿ, ಅರಿಸಿನದ ದಾರ ಬೇರೆ ಸುತ್ತಿಸಿಕೊಂಡಿದೆ. ಅದರ ತಾಯಿಗಿಡ, ಮೊಣಕಾಲೆತ್ತರದ ಕುಳ್ಳ ತಳಿ, ಪಕ್ಕದ ಕುಂಡದಲ್ಲಿ ಬೋಳಾಗಿ ಕೂತಿದೆ. ಅದನ್ನು ತಂದುಕೊಟ್ಟವನು ಹಿಮಾಚಲದ ಹುಡುಗ ನೇಗಿ. ಮಗಳು ಶರ್ಮಿಳಾ ಕೆಲಸ ಮಾಡುವ ಗುಡಗಾಂವ್‌ನ ಕಾಲ್ ಸೆಂಟರಿನವನು. ಮದುವೆಯಾದರೆ ಅವನನ್ನೇ ಎಂದು ಶರ್ಮಿಳಾ ದಸರೆಯಿಂದ ಹೇಳುತ್ತಿದ್ದಾಳೆ. ಆಗದು ಎಂದು ಗುರುರಾಜರೂ ದಸರೆಯಿಂದಲೇ ಹೇಳುತ್ತಿದ್ದಾರೆ.

ಗುರುರಾಜ: ನೆಲ್ಲಿಗೆ ಇಂಗ್ಲಿಷಲ್ಲಿ ಏನಂತಾರೆ?

ವೈಜಯಂತಿ: ಗೂಸ್ಬೆರಿ.

ಗುರುರಾಜ: ಇದು ರಾಸ್ಬೆರಿ. ದಾಯಾದಿಗಳು.

ವೈಜಯಂತಿ: ಬೋರೆಹಣ್ಣಿಗೂ ಇಲ್ಲಿ ಬೇರ್ ಅಂತಾರೆ. ಅದನ್ನೂ ತಂದು ಕೂರಿಸಿ, ಸ್ವಯಂವರವೇ ಮಾಡೋಣ.

ಗುರುರಾಜ: ಒಂದು ಕಡ್ಡಿಗೆ ಇಷ್ಟು ರಾದ್ಧಾಂತವಾ? ಇನ್ನೊಂದು ಬಿಟ್ಟಿದ್ದೀನಲ್ಲ.

ವೈಜಯಂತಿ: ನೀವು ಬಿಟ್ಟಿರೋದು ಈ ವರ್ಷ ಹಣ್ಣು ಬಿಟ್ಟು ಒಣಗಿದ ಕಡ್ಡಿ. ಕತ್ತರಿಸಬೇಕಿದ್ದದ್ದು ಅದನ್ನ. ನೀವು ಕತ್ತರಿಸಿದ್ದು ಮುಂದಿನ ವರ್ಷ ಹಣ್ಣು ಬಿಡೋ ಕಡ್ಡಿ.

ಗುರುರಾಜ: ಮದುಮಗ ಒಣಕಲಾಗಿದ್ರೆ ಚೆನ್ನಾಗಿರುತ್ತಾ? ಅಂದಹಾಗೆ, ಈ ವರ್ಷ ಹಣ್ಣು ಬಿಟ್ಟಿತ್ತಾ?

ವೈಜಯಂತಿ: ಎರಡು. ಒಂದನ್ನ ನೀವೇ ತಿಂದು ಹುಳಿ ಅಂದ್ರಿ.

ಗುರುರಾಜ: ಹುಳಿಯಾಗಿತ್ತು.

ವೈಜಯಂತಿ: ಜೂನಲ್ಲಿ ಕೂಲರ್ ಮುಂದೆ ನಾನು ಕೂರ್ಲಿಲ್ಲ, ಅದನ್ನ ಕೂರಿಸಿದೆ. ಲೂ ಬೀಸುವಾಗ ಬಿಸಿಗಾಳಿ ತಾಗಬಾರದು ಅಂತ ಒದ್ದೆ ಸೀರೆ ಮರೆಕಟ್ಟಿದೆ. ಹೊಟ್ಟೆ ಉರೀತಿದೆ ರೀ ನಂಗೆ.

ಗುರುರಾಜ: ಅದೇ ಜೂನಲ್ಲಿ ನಾನೂ ಇಲ್ಲೇ ಇದ್ದೆ.

ವೈಜಯಂತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕಡ್ಡಿ ಕೀಳಲು ಕೈಹಾಕಿದರು. ಗುರುರಾಜರು ಅಡ್ಡ ನಿಂತರು. ಅದನ್ನು ಕಿತ್ತರೆ ಮತ್ತೆ ಮಾರ್ಕೆಟ್ಟಿಗೆ ಹೋಗಬೇಕಾದವರು ಅವರೇ.

ವೈಜಯಂತಿ: ಬಿಡಿ, ಮಣ್ಣಿಗೆ ಹಾಕಿ ನೋಡ್ತೀನಿ. ಬೇರು ಬಂದ್ರೂ ಬರಬಹುದು.

ಗುರುರಾಜ: ಮಣ್ಣಲ್ಲೇ ಇದೆಯಲ್ಲ. ಮೇಲಿನ ಮನೆ ಶಾಂತಮ್ಮನವರು ಆರತಿಗೆ ಇನ್ನೇನು ಬರ್ತಾರೆ. ಇರಲಿ ಬಿಡು.

ವೈಜಯಂತಿ: ಗಂಡು ಯಾವ ಕಡೆಯದು ಅಂತ ಶಾಂತಮ್ಮ ಕೇಳಿದ್ರೆ?

ಗುರುರಾಜ: ಹಿಮಾಚಲದ ಕಡೆಯದು ಅನ್ನು. ತಪ್ಪೇನು? ಕೇದಾರ, ಬದರಿ ಎಲ್ಲ ಆ ಕಡೆಯೇ ಅಲ್ವಾ?

ವೈಜಯಂತಿಯ ಕೈ ಕುಂಡದ ಮೇಲೆಯೇ ನಿಂತಿತು. ಅಳು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ವೈಜಯಂತಿ: ಅದು ಉತ್ತರಾಂಚಲ. ಇರ್ಲಿ. ನಮ್ಮ ಪದ್ಧತಿ ಗೊತ್ತಿಲ್ಲವಲ್ಲ ಇದಕ್ಕೆ?

ಗುರುರಾಜ: ಹುಟ್ಟುತ್ತಲೇ ಯಾರಿಗೆ ಗೊತ್ತಿರುತ್ತೆ? ಜೊತೆಗಿದ್ರೆ ಕಲಿಯುತ್ತೆ.

ವೈಜಯಂತಿ: ಕುಲ, ಗೋತ್ರ?

ಗುರುರಾಜ: ಲಕ್ಷಣವಾಗಿದೆ. ಮುಳ್ಳಿಲ್ಲ. ಇಷ್ಟೇ ಇಷ್ಟು ಜಾಗದಲ್ಲಿ ತೆಪ್ಪಗೆ ಹೊಂದಿಕೊಂಡಿದೆ. ಒಂದು ಸಂಬಂಧಕ್ಕೆ ಇನ್ನೇನು ಬೇಕು?

ವೈಜಯಂತಿ: ಏನೂ ಬೇಡ. ಶಮ್ಮೀ, ಬಾರೇ! ಅಪ್ಪ ಒಪ್ಪಿದ್ರು!

ಗುರುರಾಜ: ನಾನು ಒಪ್ಪಿದ್ದು ಕಡ್ಡಿಗೆ!

ಶರ್ಮಿಳಾ ಮೊಬೈಲ್ ಹಿಡಿದುಕೊಂಡೇ ಓಡಿಬಂದಳು. ಬಾಗಿಲ ಹಿಂದೆಯೇ ಇದ್ದಳೆಂದು ಕಾಣುತ್ತದೆ.

ಶರ್ಮಿಳಾ: ಸಚ್ಚೀ, ಅಪ್ಪಾ? ಕಲಿಯುತ್ತೆ ಅಂದ್ರಲ್ಲ, ಅವನು ಆಲ್ರೆಡಿ ಕಲೀತಿದ್ದಾನೆ. ‘ಊಟ ಆಯ್ತಾ’ ಪೂರಾ ಬರುತ್ತೆ.

ಗುರುರಾಜ: ನೆಲ್ಲಿ ತನ್ನಿ ಅಂತ ಕಳಿಸಿ ನೇಗೀನ ಗಂಟು ಹಾಕಿದ್ರಲ್ಲ, ತಾಯಿ ಮಗಳು ಸೇರಿ!

ವೈಜಯಂತಿ: ದಾರ ಸುತ್ತಿದ್ದು ನೀವು.

ಗುರುರಾಜರು ತುಳಸಿಯನ್ನು ನೋಡಿದರು. ಮಗಳ ಮುಖ ನೋಡಿದರು. ದಸರೆಯಿಂದೀಚೆಗೆ ಅವಳು ಅಪ್ಪನೆದುರು ನಕ್ಕಿರಲಿಲ್ಲ. ಅದು ಅವರನ್ನೂ ಒಳಗೊಳಗೇ ತಿನ್ನುತ್ತಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ. ಅಷ್ಟರಲ್ಲಿ ಶಾಂತಮ್ಮನವರು ಬೆಲ್ ಒತ್ತಿದರು.

ಗುರುರಾಜ: ಚಲೋ, ಅವನಿಗೆ ಫೋನ್ ಮಾಡು. ಆರತಿಗೆ ಬರ್ಲಿ. ದಾರಿಯಲ್ಲಿ ನೆಲ್ಲಿಕೊಂಬೆ ಸಿಕ್ಕಿದ್ರೆ ತರೋಕೆ ಹೇಳು. ಈ ರಾಸ್ಬೆರಿ ಕಿತ್ತು, ಸರಿಯಾದ ಗಂಡನ್ನೇ ನೆಡೋಣ.

ವೈಜಯಂತಿ: ಆಗಲ್ಲ ರೀ. ದಾರ ಸುತ್ತಿದ ಮೇಲೆ ಗಂಡು ಬದಲಾಯಿಸೋ ಪದ್ಧತಿ ನಮ್ಮಲ್ಲಿಲ್ಲ. ಇದ್ದಿದ್ರೆ ನಾನು ಯಾವತ್ತೋ ವಿಚಾರಿಸ್ತಿದ್ದೆ.