ವರೀದನಿಗಿಂತ ಮುಂಚೆ

"ಕೊಲೆ ಮಾಡಿದ್ದು ಅಡುಗೆಯವಳು, ಮಾಷೇ!"

ಒಲ್ಲೂರಿನ ಚಹಾದಂಗಡಿಯಲ್ಲಿ ಬೆಳಿಗ್ಗೆ ವರೀದ್ ಹೀಗೆಂದಾಗ ಶೂಲಪಾಣಿ ಮಾಷ್ ಬಾಯಲ್ಲಿದ್ದ ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ ಗಂಟಲಲ್ಲಿ ಸಿಕ್ಕಿಕೊಂಡಿತು. ಅವರು ಆ ಪತ್ತೇದಾರಿ ಕಾದಂಬರಿಯನ್ನು ಇನ್ನೂ ಅರ್ಧ ಕೇಳಿದ್ದರಷ್ಟೆ. ಇಬ್ಬರಿಗೂ ಕಣ್ಣು ಕಾಣದು. ಫೋನು ಓದಿ ಹೇಳಿದ್ದನ್ನು ಕಿವಿಯಿಂದ ಓದುವವರು. ಆದರೆ ಮೇಷ್ಟ್ರಾಗಿ ನಲವತ್ತು ವರ್ಷ ಪಾಠ ಹೇಳಿದ ತಮಗಿಂತ ಮುಂಚೆ, ಕುರ್ಚಿಗೆ ಬೆತ್ತ ಹೆಣೆಯುವ ಈ ವರೀದ್ ಪ್ರತಿ ಪುಸ್ತಕವನ್ನೂ ಮುಗಿಸುವುದೆಂದರೇನು? ಹೊಟ್ಟೆಕಿಚ್ಚು ಪಡಲು ಕಣ್ಣೇನೂ ಬೇಕಿಲ್ಲವಲ್ಲ. ಮಾಷ್ ಒಳಗೊಳಗೇ ಕುದ್ದುಹೋದರು.

ಅಂದೇ ಹೊಸ ಪತ್ತೇದಾರಿ ಕಾದಂಬರಿಯೊಂದು ಬಂದಿತ್ತು. ಇದೊಂದನ್ನಾದರೂ ವರೀದನಿಗಿಂತ ಮುಂಚೆ ಓದಲೇಬೇಕು!

ಮನೆಗೆ ಬಂದವರೇ ಅದರ ಇ-ಪುಸ್ತಕ ಕೊಂಡರು. ಫೋನು ಶುರುಮಾಡಿತು: "ಪುಟ ಒಂದು, ಚಿತ್ರ. ಪುಟ ಎರಡು, ಚಿತ್ರ." ಯಾರೋ ಪುಣ್ಯಾತ್ಮರು ಅಕ್ಷರದ ಬದಲು ಪುಟಗಳ ಫೋಟೋ ತೆಗೆದು ಹಾಕಿದ್ದರು. ನಲವತ್ತನೇ ಪುಟದ ತನಕ ಮಾಷ್ ಆಸೆಯಿಂದ ಕೇಳಿದರು.

"ಏನ್ರೀ ಅದು, ಮಕ್ಕಳ ಪುಸ್ತಕಾನಾ?" ಎಂದರು ಹೆಂಡತಿ ಸರೋಜಿನಿ.

ಪ್ರಕಾಶಕರಿಗೆ ಫೋನು ಹೋಯಿತು.

"ಅಕ್ಷರ ದೊಡ್ಡದು ಮಾಡ್ಕೊಳ್ಳಿ ಸಾರ್."

"ನಂಗೆ ಕಣ್ಣೇ ಕಾಣಲ್ಲಪ್ಪ!"

"ಹಾಗಾದ್ರೆ ಇನ್ನೂ ಸ್ವಲ್ಪ ದೊಡ್ಡದು."

ಮಾಷ್ ಅಚ್ಚಿನ ಪ್ರತಿಯನ್ನೇ ಕೊಂಡು, ಆಟೋ ಹಿಡಿದು, ಅಂಧರಿಗಾಗಿ ಪುಸ್ತಕ ಸ್ಕ್ಯಾನ್ ಮಾಡಿಕೊಡುವ ತ್ರಿಶ್ಶೂರಿನ ಗ್ರಂಥಾಲಯಕ್ಕೆ ಓಡಿದರು.

"ಮತ್ತೆ ಬಂದ್ರಾ ಮಾಷೇ?" ಎಂದಳು ಅಲ್ಲಿನ ಸುಬೈದಾ. "ಸ್ಕ್ಯಾನ್ ಇವತ್ತೇ ಆಗುತ್ತೆ. ಆದ್ರೆ ಯಾರಾದ್ರೂ ಪೂರ್ತಿ ಕೇಳಿ ತಪ್ಪು ತಿದ್ದಬೇಕಲ್ಲ, ಒಂದು ವಾರ ಬೇಕು."

"ಈ ವಯಸ್ಸಲ್ಲಿ ಒಂದು ವಾರಕ್ಕೆ ಏನು ಗ್ಯಾರಂಟಿ ತಾಯಿ?"

ಸುಬೈದಾಳ ಮನಸ್ಸು ಕರಗಿತು. "ನಮ್ಮಲ್ಲಿ ಒಬ್ರಿದಾರೆ, ಭಾರೀ ಸ್ಪೀಡು. ಅವರಿಗೇ ಕಳಿಸ್ತೀನಿ."

"ಪುಸ್ತಕ ಬೇಕು ಅಂದಿದ್ದು ನಾನು ಅಂತ ಯಾರಿಗೂ ಹೇಳ್ಬೇಡ. ಯಾವತ್ತೂ!"

ಸಂಜೆ ಆರಕ್ಕೆ ಪುಸ್ತಕ ಫೋನಿಗೆ ಬಂತು. ಮಾಷ್ ಜಗುಲಿಯಲ್ಲಿ ಕಾಲು ಚಾಚಿ ಕೂತು ಮೊದಲ ಸಾಲು ಕೇಳುವಷ್ಟರಲ್ಲಿ ಗೇಟಿನಲ್ಲಿ ವರೀದನ ಕೋಲಿನ ಸದ್ದಾಯಿತು.

"ಬಾರೋ ವರೀದ್! ಇದರ ಗಾಳಿಯೂ ನಿನಗೆ ಸೋಕಿರಲ್ಲ!"

ವರೀದ್ ಎರಡು ಸಾಲು ಕೇಳಿದ. "ಅಯ್ಯೋ, ಇದಾ? ದೋಣಿಯವನನ್ನ ಕೊಂದಿದ್ದು ಅವನ ತಮ್ಮ. ಮಧ್ಯಾಹ್ನವೆಲ್ಲ ಕೂತು ತಿದ್ದಿ ಈಗಷ್ಟೇ ಕಳಿಸಿದೆ. ಬೆನ್ನು ಹಿಡ್ಕೊಂಡಿದೆ, ಮಾಷೇ."

"ನೀನಾ ತಿದ್ದೋದು?"

"ಒಂದು ವರ್ಷದಿಂದ. ಯಾರೋ ಒಬ್ಬ ಸುಬೈದಾ ಹತ್ರ ಹೊಸ ಹೊಸ ಪುಸ್ತಕ ಕೇಳ್ತಾನೇ ಇರ್ತಾನೆ, ಎಲ್ಲಾ ಅರ್ಜೆಂಟು! ಹೆಸರು ಹೇಳಮ್ಮಾ ಅಂದ್ರೆ ಅವಳು ಬಾಯಿ ಬಿಡಲ್ಲ. ಅವನಿಂದಲೇ ನಂಗೆ ಎಲ್ಲರಿಗಿಂತ ಮುಂಚೆ ಓದೋಕೆ ಸಿಗ್ತಿರೋದು. ಪ್ರತಿ ಭಾನುವಾರ ಇಗರ್ಜಿಯಲ್ಲಿ ಮೊಣಕಾಲೂರಿ ಬೇಡ್ಕೊಳ್ತೀನಿ, ಆ ಮನುಷ್ಯ ನೂರು ವರ್ಷ ಹೀಗೇ ಕೇಳ್ತಾ ಇರಲಿ ಅಂತ."

ಮಾಷ್ ಮೆಲ್ಲಗೆ ಫೋನು ಆರಿಸಿದರು.

ಒಳಗಿನಿಂದ ಸರೋಜಿನಿ ಗಟ್ಟಿಯಾಗಿ "ಆಮೆನ್" ಅಂದರು.