ಜಪಾನ್ ಕೇಳಿದ್ರೆ ಟೋಂಗಾ ಬಂತು

ನಾನು ಯಾವ ಊರಿಗೆ ಹೋದ್ರೂ ಒಂದು ಫಜೀತಿ ನಂಗಿಂತ ಮುಂಚಿನ ಬಸ್ಸಿಗೇ ಹೋಗಿ ಅಲ್ಲಿ ಕಾಯ್ತಾ ಕೂತಿರುತ್ತೆ. ಮೊಮ್ಮಕ್ಕಳು ಇದನ್ನ ನಂಬಲ್ಲ. ನಂಬದೇ ಇರೋರಿಗೆ ಹೇಳೋದ್ರಲ್ಲಿ ಒಂದು ಸುಖ ಇದೆ, ಅಳತೆ ನೋಡ್ಕೊಂಡು ಹೇಳ್ಬೇಕಾಗಿಲ್ಲ.

ಐವತ್ತರ ದಶಕದ ಕೊನೇಲಿ ನಾನು ಶಿಕಾರಿಪುರದ ಬ್ಲಾಕ್ ಆಫೀಸಲ್ಲಿ ಸಮಾಜ ಶಿಕ್ಷಣದ ಕೆಲಸದಲ್ಲಿದ್ದೆ. ಅಂದ್ರೆ, ಹಳ್ಳಿ ಹಳ್ಳಿಗೆ ಹೋಗಿ, ಗೋಡೆ ಮೇಲೆ ಬಿಳಿ ಪಂಚೆ ಕಟ್ಟಿ, ಮ್ಯಾಜಿಕ್ ಲ್ಯಾಂಟರ್ನ್ ಅನ್ನೋ ದೀಪದ ಡಬ್ಬಿಯಿಂದ ಗಾಜಿನ ಚಿತ್ರಗಳನ್ನ ಅದರ ಮೇಲೆ ಬೀಳಿಸಿ, ಜನರಿಗೆ ತಿಳುವಳಿಕೆ ಹೇಳೋದು. ಸೊರಬದ ಕಡೆ ಆ ಕೆಲಸಕ್ಕೆ ಯಾರೂ ಇರ್ಲಿಲ್ಲ, ಅದೂ ನನ್ನ ಕೊರಳಿಗೇ ಬಿತ್ತು. ನಮ್ಮ ಹತ್ರ ಇದ್ದ ಚಿತ್ರ ಎರಡೇ ಥರದ್ದು. ಒಂದು ಮಲೇರಿಯಾ ಸೊಳ್ಳೆ, ಇನ್ನೊಂದು ಗೊಬ್ಬರದ ಗುಂಡಿ. ಸೊಳ್ಳೇನ ಎಷ್ಟು ಸಲ ತೋರ್ಸಿದ್ದೆ ಅಂದ್ರೆ, ನಾನು ಬಸ್ಸಿಳಿದ ತಕ್ಷಣ ಜನ ನನ್ನ ಕೇಳೋಕೆ ಮುಂಚೆ ಸೊಳ್ಳೆ ಆರೋಗ್ಯ ಕೇಳ್ತಿದ್ರು.

೧. ಪೆಟ್ಟಿಗೆ

ಆಗ ಎಲ್ಲೆಲ್ಲೂ ಜಪಾನಿ ಪದ್ಧತಿ ಭತ್ತದ ಬೇಸಾಯದ್ದೇ ಮಾತು. ಅದರ ಚಿತ್ರಗಳು ಬೇಕು ಅಂತ ಮೇಲಕ್ಕೆ ಬರೆದಿದ್ವಿ, ಬರೆದು ಮರ್ತೂ ಹೋಗಿದ್ವಿ. ಒಂದಿನ ಶಿವಮೊಗ್ಗದ ಬಸ್ಸಿನ ತಲೆ ಮೇಲೆ ಪೆಟ್ಟಿಗೆ ಬಂತು. ನಾಲ್ಕು ಆಳು ಹಿಡಿದು ಇಳಿಸಿದ್ರು. ನಮ್ಮ ಮನೆಯವಳನ್ನ ಕೇಳಿದ್ರೆ, ಇವರೊಬ್ಬರೇ ಕಂಕುಳಲ್ಲಿ ಇಟ್ಕೊಂಡು ಬಂದ್ರು ಅಂತಾಳೆ. ಅವಳ ಮಾತು ಬಿಡಿ.

ಬಿಚ್ಚಿ ನೋಡಿದ್ರೆ ಒಂದು ಪೈರಿಲ್ಲ, ಒಂದು ತೆನೆ ಇಲ್ಲ. ತೆಂಗಿನ ಮರ, ಸಮುದ್ರ, ಸೊಂಟಕ್ಕೆ ಚಾಪೆ ಸುತ್ತಿಕೊಂಡ ದಷ್ಟಪುಷ್ಟ ಜನ, ಬಾಳೆಗೊನೆ ತುಂಬಿಸ್ಕೊಳ್ತಿರೋ ಹಡಗು, ಮತ್ತೆ ಆಳೆತ್ತರಕ್ಕಿಂತ ಎತ್ತರದ ಒಬ್ಬ ರಾಣಿ. ಜೊತೆಗಿದ್ದ ಇಂಗ್ಲಿಷ್ ಪುಸ್ತಿಕೆ ಓದಿದ ಮೇಲೆ ಗೊತ್ತಾಯ್ತು, ಇದು ಟೋಂಗಾ ಅನ್ನೋ ದೇಶ, ಪೆಸಿಫಿಕ್ ಸಮುದ್ರದ ನಡುವೆ ಚೆಲ್ಲಿದ ಹಾಗೆ ಬಿದ್ದಿರೋ ದ್ವೀಪಗಳು. ಯಾರಿಗೋ ಹೋಗ್ಬೇಕಾದ್ದು ನಮ್ಮ ತಲೆಗೆ ಬಂದಿತ್ತು.

ನಮ್ಮ ಬಿ.ಡಿ.ಓ. ಸಾಹೇಬ್ರು ನಗೋ ಮನುಷ್ಯರಲ್ಲ. ರಾಣಿ ಚಿತ್ರವನ್ನ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ್ರು. ವಾಪಸ್ ಕಳಿಸಿದ್ರೆ ಇನ್ನೊಂದು ಬರೋಕೆ ಎರಡು ವರ್ಷ ಆಗುತ್ತೆ, ಅಲ್ಲೀತನಕ ಸೊಳ್ಳೇನೇ ತೋರಿಸ್ತೀರಾ ಅಂತ ಕೇಳಿದ್ರು.

"ಜಪಾನೂ ಸಮುದ್ರದ ನಡುವೇನೇ ಇರೋದು, ಇದೂ ಸಮುದ್ರದ ನಡುವೇನೇ ಇರೋದು. ಭತ್ತ ಇಲ್ಲ ಅನ್ನೋದೊಂದು ಬಿಟ್ರೆ ಏನ್ ವ್ಯತ್ಯಾಸ ರೀ? ತೋರ್ಸಿ," ಅಂದ್ರು. ನಾನು ಬಾಗಿಲ ತನಕ ಹೋದ್ಮೇಲೆ ಮತ್ತೆ ಕರೆದು, "ಟೂರ್ ಡೈರೀಲಿ ಮಾತ್ರ ಜಪಾನ್ ಅಂತ್ಲೇ ಬರೀರಿ," ಅಂದ್ರು.

೨. ಮೂರು ಕಲ್ಲು

ಮೊದಲ ಪ್ರದರ್ಶನ ತಾಳಗುಂದದಲ್ಲಿ. ಅವತ್ತು ಎರಡು ಸಾವಿರ ಜನ ಸೇರಿದ್ರು. ಊರಲ್ಲಿ ಅಷ್ಟು ಜನ ಇರ್ಲಿಲ್ಲ, ಎಲ್ಲಿಂದ ಬಂದ್ರೋ ನಂಗೂ ಗೊತ್ತಿಲ್ಲ. ಹಿಂದುಗಡೆ ಎರಡು ಎಮ್ಮೆ ನಿಂತು ಕೊನೇ ತನಕ ನೋಡಿದ್ವು.

ಟೋಂಗಾದಲ್ಲಿ ಹಳೇ ಕಾಲದ ಒಂದು ಕಲ್ಲಿನ ಬಾಗಿಲಿದೆ. ಆಚೆಗೊಂದು ಈಚೆಗೊಂದು ದೈತ್ಯ ಕಲ್ಲು, ಮೇಲೊಂದು ಅಡ್ಡ ಕಲ್ಲು. ಆ ಚಿತ್ರ ಬಂದ ಕೂಡ್ಲೇ ಮುಂದೆ ಕೂತಿದ್ದ ಹಿರಿಯರೊಬ್ಬರು ಅದರ ಮೇಲೆ ಏನು ಬರೆದಿದಾರೆ ಅಂತ ಕೇಳಿದ್ರು. ಆ ಊರಿನ ಹಳೇ ಶಾಸನದ ಕಂಬದ ಪಕ್ಕದಲ್ಲೇ ಹುಟ್ಟಿ ಬೆಳೆದೋರು, ಕಲ್ಲು ಕಂಡ್ರೆ ಅದೇ ಮೊದಲ ಪ್ರಶ್ನೆ. ಏನೂ ಬರೆದಿಲ್ಲ ಅಂದೆ. ನಿಲ್ಸಿದ ರಾಜನ ಹೆಸರಾದ್ರೂ? ಅದೂ ಇಲ್ಲ. ಹಿರಿಯರಿಗೆ ಬೇಜಾರಾಯ್ತು. ಆ ರಾಜನಿಗೆ ಬಹಳ ನಾಚಿಕೆ ಸ್ವಭಾವ ಇತ್ತು ಅಂತ ನಾನೇ ಸೇರಿಸಿದೆ.

ಆಮೇಲೆ ಚರಿತ್ರೆ ಹೇಳಿದೆ. ನೂರು ವರ್ಷದ ಹಿಂದೆ ಒಬ್ಬ ದೊರೆ ಬಡಿದಾಡ್ತಿದ್ದ ದ್ವೀಪಗಳನ್ನೆಲ್ಲ ಒಂದು ಮಾಡಿದ, ಸಾಮಾನ್ಯ ಜನ ಇನ್ನು ಮುಂದೆ ಪಾಳೇಗಾರರ ಜೀತದಾಳುಗಳಲ್ಲ ಅಂತ ಕಾನೂನು ಬರೆಸಿದ, ಕೊನೆಗೆ ಬ್ರಿಟಿಷರು ಬಂದು ರಾಜನನ್ನ ಗಾದಿ ಮೇಲೇ ಬಿಟ್ಟು ರಕ್ಷಣೆ ನಾವು ಮಾಡ್ತೀವಿ ಅಂದ್ರು. ಇಷ್ಟು ಹೇಳೋದ್ರೊಳಗೆ ಹಿರಿಯರು ಕೈ ಎತ್ತಿ, ಗೊತ್ತಾಯ್ತು ಬಿಡಿ, ನಮ್ಮ ಮೈಸೂರು ಅಂದ್ರು. ಪುಸ್ತಿಕೇಲಿ ನಾಲ್ಕು ಪುಟ ಇದ್ದದ್ದನ್ನ ಅವರು ಎರಡು ಮಾತಲ್ಲಿ ಮುಗಿಸಿದ್ರು.

ಹೊರಡುವಾಗ ನನ್ನ ಹತ್ರ ಬಂದು ಸಮಾಧಾನ ಹೇಳಿದ್ರು. "ಬೇಜಾರ್ ಮಾಡ್ಕೋಬೇಡಿ. ನಮ್ಮ ಕಂಬದ ತುಂಬಾ ಬರ್ದೈತೆ, ನಮ್ಮೂರಲ್ಲಿ ಒಬ್ರಿಗೂ ಓದೋಕ್ ಬರಲ್ಲ. ಅಲ್ಲಿ ಓದೋರು ಅದಾರೆ, ಬರ್ದಿಲ್ಲ. ಲೆಕ್ಕಕ್ಕೆ ಎರಡೂ ಒಂದೇ."

೩. ಟವೆಲ್ಲು

ಶಿಕಾರಿಪುರದ ಪೇಟೇಲಿ ಒಬ್ಬ ಕೊಬ್ಬರಿ ಸಾಹುಕಾರರಿದ್ರು. ಒಂದು ದೇಶಕ್ಕೆ ದೇಶವೇ ಕೊಬ್ಬರಿ ಮೇಲೆ ಬದುಕ್ತಿದೆ ಅಂತ ಯಾರೋ ಅವರ ಕಿವಿಗೆ ಹಾಕಿದ್ರು. ನಮ್ಮ ಅಂಗಡಿ ಮುಂದೇನೇ ತೋರ್ಸ್ರಿ ಅಂತ ಹಟ ಹಿಡಿದ್ರು. ತೋರಿಸಿದೆ.

ಕಾಯಿ ಒಡೆಯೋದು, ಬಿಸಿಲಿಗೆ ಹರಡೋದು, ಮೂಟೆ ಕಟ್ಟೋದು, ಹಡಗಿಗೆ ಹೇರೋದು, ಒಂದೊಂದನ್ನೂ ಸಾಹುಕಾರರು ಮಗಳ ಮದುವೆ ನೋಡೋ ಹಾಗೆ ನೋಡಿದ್ರು. ಹಡಗು ವಾಪಸ್ ಬರುವಾಗ ಏನ್ ತರುತ್ತೆ ಅಂತ ಕೇಳಿದ್ರು. ಬಟ್ಟೆ, ಸೀಮೆಎಣ್ಣೆ, ಮೈದಾ ಹಿಟ್ಟು, ಡಬ್ಬೀಲಿ ತುಂಬಿದ ಮಾಂಸ ಅಂದೆ. ಮಾಂಸ ಅಂದ ಕೂಡ್ಲೇ ಮೂಗು ಮುಚ್ಕೊಂಡ್ರು. ಆಮೇಲೆ ಅಸಲು ಪ್ರಶ್ನೆಗೆ ಬಂದ್ರು, ಧಾರಣೆ ಯಾರು ಕಟ್ತಾರೆ?

ಆಗ ನಮ್ಮ ಪೇಟೇಲಿ ಧಾರಣೆ ಬಾಯಲ್ಲಿ ಹೇಳೋ ಪದ್ಧತಿ ಇರ್ಲಿಲ್ಲ. ಕೊಳ್ಳೋರೂ ಮಾರೋರೂ ಟವೆಲ್ ಅಡಿ ಕೈ ಇಟ್ಟು, ಬೆರಳು ಹಿಚುಕಿ ವ್ಯಾಪಾರ ಮುಗಿಸೋರು. ಮೇಲೆ ಮಳೆ ಬೆಳೆ ಮಾತು, ಕೆಳಗೆ ಬೆರಳು. ಟೋಂಗಾದಲ್ಲಿ ಇದಕ್ಕೇ ಅಂತ ಒಂದು ಮಂಡಳಿ ಇದೆ, ಎಲ್ಲರ ಕೊಬ್ಬರಿಗೂ ಒಂದೇ ಧಾರಣೆ, ಬೋರ್ಡಲ್ಲಿ ಬರೆದು ಹಾಕ್ತಾರೆ ಅಂದೆ.

ಸಾಹುಕಾರರು ಸಾವಿನ ಮನೇಲಿ ಕೂತ ಹಾಗೆ ಕೂತ್ರು. ಆಮೇಲೆ ಎದ್ದು ಪಂಚೆ ಹತ್ರ ಹೋಗಿ ಚಿತ್ರದಲ್ಲಿದ್ದ ಜನರನ್ನ ಒಬ್ಬೊಬ್ಬರನ್ನಾಗಿ ನೋಡಿದ್ರು.

"ಅದಕ್ಕ ನೋಡ್ರಿ, ಒಬ್ಬನ ಹೆಗಲ ಮ್ಯಾಲೂ ಟವೆಲ್ಲಿಲ್ಲ," ಅಂದ್ರು. "ಸೊಂಟಕ್ಕ ಚಾಪೆ ಸುತ್ಕೊಂಡಾರ. ವ್ಯಾಪಾರ ಮುಗೀತು, ಹಾಸ್ಕೊಂಡು ಮಲಗೋದೊಂದೇ ಬಾಕಿ."

೪. ನಿಂತ ರಾಣಿ

ಹೊಸಬಾಳೆ ಸೊರಬದ ಕಡೇದು. ಅಲ್ಲಿ ನಾನು ತೋರಿಸಿದ್ದು ಯುಗಾದಿಗೆ ಸ್ವಲ್ಪ ಮುಂಚೆ. ಗೇಣಿ ಜಮೀನು ಯಾರ ಕೈಲಿ ಉಳಿಯುತ್ತೆ, ಯಾರ ಕೈ ತಪ್ಪುತ್ತೆ ಅಂತ ತೀರ್ಮಾನ ಆಗೋ ಕಾಲ ಅದು. ಆ ಊರಿನ ಒಡೇರು, ಅಂದ್ರೆ ಜಮೀನಿನ ಯಜಮಾನರು, ಒಂದು ಗದ್ದೆ ಮಾರೋಕೆ ಹೊರಟಿದ್ರು. ಆ ಗದ್ದೇನ ಗೇಣಿಗೆ ಮಾಡ್ತಿದ್ದ ಮನುಷ್ಯನ ಅಜ್ಜನೇ ಅದಕ್ಕೆ ಬದು ಹಾಕಿದ್ದು. ಗೇಣಿ ಎಲ್ಲಾ ಬಾಯಿ ಮಾತಲ್ಲಿ, ಹಿಡಿದು ಕೇಳೋಕೆ ಏನೂ ಇಲ್ಲ. ಅದು ಹೋದ್ರೆ ಅವನಿಗೆ, ಅವನ ಅವ್ವನಿಗೆ, ಆಗಷ್ಟೇ ಹದಿನಾರು ತುಂಬಿದ್ದ ಅವನ ಮಗನಿಗೆ ಇನ್ನೊಂದು ಗದ್ದೆ ಇಲ್ಲ. ಇದು ಇಡೀ ಊರಿಗೆ ಗೊತ್ತಿತ್ತು. ನಂಗೆ ಗೊತ್ತಿರ್ಲಿಲ್ಲ.

ನಾನು ಲ್ಯಾಂಟರ್ನ್ ಹಚ್ಚಿ ಗಂಟಲು ಬಿಚ್ಚಿ ಶುರು ಮಾಡಿದೆ. ಟೋಂಗಾದಲ್ಲಿ ಗಂಡು ಹುಡುಗನಿಗೆ ಹದಿನಾರು ತುಂಬಿದ್ರೆ ಎಂಟು ಎಕರೆ ಚಿಲ್ಲರೆ ಜಮೀನು ಕೇಳೋ ಹಕ್ಕಿದೆ. ಅದರಲ್ಲಿ ತೆಂಗು ಹಾಕ್ಬೇಕು. ಗೇಣಿ ಕಾನೂನಲ್ಲಿ ಇದ್ದಷ್ಟೇ, ಅದೂ ಚೂರೇ ಚೂರು. ಪಾಳೇಗಾರನಾಗಲಿ ರೈತನಾಗಲಿ, ಭೂಮೀನ ಮಾರೋ ಹಾಗಿಲ್ಲ. ಇದಿಷ್ಟೂ ಪುಸ್ತಿಕೇಲಿ ಇದ್ದದ್ದೇ, ನಾನೊಂದು ಅಕ್ಷರ ಸೇರಿಸಿಲ್ಲ.

ಜನ ಉಸಿರು ಬಿಡ್ತಾ ಇಲ್ಲ. ಮುಂದುಗಡೆ ಕುರ್ಚೀಲಿ ಕೂತಿದ್ದ ಒಡೇರು ಮಾತ್ರ ಎಲೆ ಅಡಿಕೆ ಹಾಕ್ಕೊಂಡು ನಗ್ತಾ ಇದ್ರು. ಕತ್ತಲಿಂದ ಆ ಗೇಣಿದಾರ ಕೇಳಿದ, ಪಾಳೇಗಾರ ಕೊಡಲ್ಲ ಅಂದ್ರೆ?

ಪುಸ್ತಿಕೇಲಿ ಇದಕ್ಕೆ ಉತ್ತರ ಇರ್ಲಿಲ್ಲ. ಆದ್ರೆ ಪಂಚೆ ಮೇಲೆ ರಾಣಿ ನಿಂತಿದ್ಲು. ಆರಡಿ ಮೀರಿದ ಹೆಂಗಸು. ನನ್ನ ಬಾಯಿ ಸುಮ್ಮನಿರುತ್ತಾ? ಕೊಡಲ್ಲ ಅಂದ್ರೆ ರಾಣೀನೇ ಬರ್ತಾಳೆ ಅಂದೆ. ಬಂದು ಪಾಳೇಗಾರನ ಅಂಗಳದಲ್ಲಿ ನಿಲ್ತಾಳೆ. ಜಗಳ ಇಲ್ಲ, ಬೈಗುಳ ಇಲ್ಲ. ಕೂತ್ಕೋ ಅಂದ್ರೆ ಕೂರಲ್ಲ, ನೀರು ಕೊಟ್ರೆ ಮುಟ್ಟಲ್ಲ. ಅಷ್ಟೇ.

ಗೇಣಿದಾರನ ಪಕ್ಕ ಅವನ ಅವ್ವ ಇದ್ಲು. ಅವಳೂ ಅಷ್ಟೇ ಎತ್ತರ, ತಲೆ ಬಗ್ಗಿಸದೆ ಆ ಊರಿನ ಒಂದು ಬಾಗಿಲನ್ನೂ ದಾಟೋಳಲ್ಲ.

"ಎಷ್ಟು ಹೊತ್ತು ನಿಲ್ತಾಳೆ?" ಅಂದ್ಲು.

"ಕೊಡೋ ತನಕ."

"ಕಾಲು ನೋಯಲ್ವಾ ಅವಳಿಗೆ?"

ರಾಣಿ ಕಾಲು, ನೋಯಲ್ಲ ಅಂದೆ.

"ನಂಗೆ ನೋಯ್ತವೆ," ಅಂದ್ಲು, ಸೆರಗು ಕೊಡವಿ ಎದ್ದು ಮನೆಗೆ ಹೋದ್ಲು.

೫. ಒಡೇರ ಮನೆ ಊಟ

ಯುಗಾದಿ ಕಳೆದ ಮೇಲೆ ಹೊಸಬಾಳೆ ಪಕ್ಕದ ಹಳ್ಳಿಗೆ ಹೋಗೋದಿತ್ತು. ಒಡೇರು ಮಧ್ಯಾಹ್ನ ನಮ್ಮಲ್ಲೇ ಊಟ ಅಂತ ಹೇಳಿ ಕಳಿಸಿದ್ರು. ಹೋಗಿ ನೋಡಿದ್ರೆ ಜಗುಲಿ ಮೇಲೆ ನಮ್ಮ ಕೊಬ್ಬರಿ ಸಾಹುಕಾರರು. ಆ ಗದ್ದೆ ಕೊಳ್ಳೋಕೆ ಬಂದಿದ್ದವರು ಅವರೇ. ಊಟ ಮುಗಿಸಿ ಮಾತು ಕೊಡೋದು ಅಂತ ಇತ್ತು. ಒಳಗೆ ಹೋಳಿಗೆ ಬೇಯ್ತಾ ಇತ್ತು. ಆ ವಾಸನೆ ಸೊರಬದ ತನಕ ಹೋಗಿ ಅಲ್ಲಿ ಕಚೇರಿ ಕೆಲಸ ನಿಂತಿತ್ತು ಅಂತ ಆಮೇಲೆ ಕೇಳಿದೆ.

ಎಲೆ ಹಾಕೋ ಹೊತ್ತಿಗೆ ಸರಿಯಾಗಿ ಗೇಣಿದಾರನ ಅವ್ವ, ಆ ಎತ್ತರದ ಮುದುಕಿ, ಬಂದ್ಲು. ಅಂಗಳದ ಚಪ್ಪರದ ನೆರಳು ಬಿಟ್ಟು ಬಿಸಿಲಲ್ಲಿ ನಿಂತ್ಲು. ಒಡೇರು ಏನು ಅಂತ ಕೇಳಿದ್ರು. ಏನೂ ಇಲ್ಲ ಅಂದ್ಲು. ನೆರಳಲ್ಲಿ ಕೂತ್ಕೋ ಅಂದ್ರು, ಕೂರ್ಲಿಲ್ಲ. ಆಳು ಬೆಲ್ಲ ನೀರು ತಂದಿಟ್ಟ, ಮುಟ್ಲಿಲ್ಲ. ಆಗ ಒಡೇರು ಮೆಲ್ಲಗೆ ನನ್ನ ಕಡೆ ತಿರುಗಿದ್ರು. ನಾನು ಚಪ್ಪರದ ಗರಿ ಎಣಿಸ್ತಾ ಕೂತೆ.

ನಿಲ್ಲಲಿ, ನಾವು ಎದ್ದು ಉಣ್ಣೋಣ ಅಂದ್ರು ಒಡೇರು. ಆದ್ರೆ ಒಳಗೆ ಅವರ ಅಮ್ಮ ಇದ್ರು, ಎಂಬತ್ತು ದಾಟಿದ ಜೀವ. ಬಾಗಿಲಲ್ಲಿ ಹಸಿದೋಳು ನಿಂತಿರುವಾಗ ನಾನು ಎಲೆ ಮುಂದೆ ಕೂರಲ್ಲ ಅಂತ ಬಾಗಿಲ ಹಿಂದಿಂದ ಹೇಳಿ ಕಳಿಸಿದ್ರು. ಅಮ್ಮ ಉಣ್ಣದೆ ಮಗ ಉಣ್ಣೋ ಹಾಗಿಲ್ಲ. ಯಜಮಾನರು ಕೂರದೆ ನೆಂಟರು ಎಲೆ ಮುಂದೆ ಕೂರೋ ಹಾಗಿಲ್ಲ. ನೆಂಟರದ್ದಾಗದೆ ಹೆಂಗಸರದ್ದಿಲ್ಲ, ಹೆಂಗಸರದ್ದಾಗದೆ ಆಳುಗಳದ್ದಿಲ್ಲ. ಒಬ್ಬಳು ನಿಂತದ್ದಕ್ಕೆ ಮೂವತ್ತು ಎಲೆ ಒಣಗ್ತಾ ಬಿದ್ವು. ಮುದುಕಿಗೆ ಅಯ್ಯೋ ಅನ್ನಿಸ್ತು.

"ನೀವು ಉಣ್ಣಿ ಒಡೇರೆ," ಅಂದ್ಲು. "ನಾನು ನಿಂತಿರ್ತೀನಿ."

ಅದು ಇನ್ನೂ ಕಷ್ಟ ಆಯ್ತು.

ಸಾಹುಕಾರರು ನನ್ನ ಕಿವಿ ಹತ್ರ ಬಗ್ಗಿ, ಇದು ನಿಮ್ಮ ಪಂಚೆ ಮ್ಯಾಲಿನ ಹೆಂಗಸಲ್ಲೇನ್ರೀ ಅಂದ್ರು. ಬಿಸಿಲು ಇಳೀತು. ಮುದುಕಿ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸ್ತಿದ್ಲು, ಅಷ್ಟೇ. ಅವಳ ಮಗ ಬಂದು ಬೇಲಿ ಆಚೆ ನಿಂತ, ಒಳಗೆ ಬರೋ ಧೈರ್ಯ ಇಲ್ಲ, ಹೋಗೋಕೆ ಮನಸ್ಸಿಲ್ಲ. ಕೊನೇ ಬಸ್ಸಿನ ಹೊತ್ತಿಗೆ ಸಾಹುಕಾರರು ಟವೆಲ್ ಕೊಡವಿ ಎದ್ರು.

"ಈ ಗದ್ದೆ ನಂಗ್ ಬ್ಯಾಡ್ರೀ ಒಡೇರ. ನಾ ತಗೊಂಡ ಮ್ಯಾಲೆ ಈ ಅವ್ವ ಶಿಕಾರಿಪುರಕ್ಕ ಬಂದು ನಿಂತ್ರ ಏನ್ ಮಾಡ್ಲಿ? ನಮ್ಮನ್ಯಾಗೂ ಅವ್ವ ಅದಾಳ."

ಅವರು ಹೋದ್ರೂ ಒಡೇರು ಬಗ್ಗಲಿಲ್ಲ. ಇವರಲ್ಲದಿದ್ರೆ ಇನ್ನೊಬ್ಬರು ಅಂತ ಗೊಣಗಿದ್ರು. ಆಗ ಒಳಗಿಂದ ಅವರ ಅಮ್ಮ ಗೋಡೆ ಹಿಡ್ಕೊಂಡು ಬಂದ್ರು. ಮೆಟ್ಟಿಲು ಇಳಿದು, ಅಂಗಳ ದಾಟಿ, ಮುದುಕಿ ಪಕ್ಕ ಹೋಗಿ ನಿಂತ್ರು. ಅವರ ತಲೆ ಇವಳ ಭುಜಕ್ಕೂ ಬರ್ತಿರ್ಲಿಲ್ಲ. ಕಾಲು ನಡುಗ್ತಾ ಇತ್ತು. ಗೇಣಿದಾರನ ಅವ್ವ ತನ್ನ ಮುಂಗೈ ಕೊಟ್ಲು, ಅವರು ಅದನ್ನ ಹಿಡ್ಕೊಂಡ್ರು. ನಾನು ಜೀವಮಾನದಲ್ಲಿ ಬಹಳ ಬಣ್ಣ ಕಟ್ಟಿದೀನಿ. ಇದಕ್ಕೆ ಕಟ್ಟಿಲ್ಲ.

ಒಳಗೆ ಯಾರೋ ದೀಪ ಹಚ್ಚಿದ್ರು. ಒಡೇರು ಎದ್ದು ಮೆಟ್ಟಿಲ ತನಕ ಬಂದ್ರು. ಅಳೋ ಹಾಗಾಗಿತ್ತು ಮುಖ, ಹಸಿವಿಗೋ ಯಾವುದಕ್ಕೋ.

"ಮಾರಲ್ಲ," ಅಂದ್ರು. "ನಿನ್ನ ಮಗ ಉಳ್ಲಿ, ಮೊಮ್ಮಗನೂ ಉಳ್ಲಿ. ಅಮ್ಮನ ಮೇಲಾಣೆ. ಕೂತ್ಕೋ ಮಾರಾಯ್ತಿ."

ಮುದುಕಿ ಕೂತ್ಲು. ಬೆಲ್ಲ ನೀರನ್ನ ಒಡೇರ ಅಮ್ಮನೇ ಅವಳ ಕೈಗೆ ಕೊಟ್ರು. ಆಣೆಗೆ ಒಡೇರು ಕೊನೇ ತನಕ ತಪ್ಪಲಿಲ್ಲ, ಆ ಗದ್ದೇನ ಈಗ ಅವಳ ಮರಿಮಗ ಉಳ್ತಾನೆ. ಮಧ್ಯಾಹ್ನದ ಊಟ ಆದದ್ದು ಲಾಟೀನು ಬೆಳಕಲ್ಲಿ. ನಾನು ನಲವತ್ತು ಹೋಳಿಗೆ ತಿಂದೆ.

ಕೈ ತೊಳೆಯುವಾಗ ಒಡೇರು ನನ್ನ ಒಂದು ಪಕ್ಕಕ್ಕೆ ಕರೆದ್ರು. ಬೈಗುಳಕ್ಕೆ ತಯಾರಾಗೇ ಹೋದೆ. ಅವರು ಅತ್ತ ಇತ್ತ ನೋಡಿ, ದನಿ ತಗ್ಗಿಸಿ ಕೇಳಿದ್ರು. "ಸುಳ್ಳು ಹೇಳ್ಬೇಡಿ. ಆ ದೇಶದ ಪಾಳೇಗಾರ ಎಷ್ಟು ಹೊತ್ತಿಗೆ ಸೋತ?"

"ಮಧ್ಯಾಹ್ನಕ್ಕೇ," ಅಂದೆ.

ಒಡೇರ ಬೆನ್ನು ನೆಟ್ಟಗಾಯ್ತು. ಆ ದಿನ ಮೊದಲ ಸಲ ಮುಖ ಅರಳ್ತು.

"ಹಾಗಾದ್ರೆ ಆ ರಾಣಿಗೊಂದು ಕಾಗದ ಹಾಕಿ," ಅಂದ್ರು. "ಸೊರಬ ಸೀಮೇಲಿ ಒಬ್ಬ ದೀಪ ಹಚ್ಚೋ ತನಕ ತಡ್ಕೊಂಡ ಅಂತ."